ಗಂಡ ಮಧ್ಯರಾತ್ರಿ ಕಿರುಚ್ಕೊಂಡು ಏಳ್ತಾರೆ, ಬೇಗ ಎಚ್ಚರ ಮಾಡೋದು ಹೇಗೆ? ಏನು ಮುಚ್ಚಿಡ್ತಿದಾರೆ ಅಂತ ಬಾಯಿ ಬಿಡ್ಸೋದು ಹೇಗೆ?

ಎಚ್ಚರ ಮಾಡ್ಬೇಡಿ. ಬಾಯಿ ಬಿಡ್ಸೋಕೂ ಹೋಗ್ಬೇಡಿ. ಎರಡನ್ನೂ ನಾನು ಎರಡು ವರ್ಷ ಮಾಡಿದೀನಿ, ಅದಕ್ಕೇ ಇಷ್ಟು ಕಡ್ಡಿ ಮುರಿದ ಹಾಗೆ ಹೇಳ್ತಿರೋದು.

ಮದುವೆಯಾಗಿ ನಾಲ್ಕು ತಿಂಗಳಿಗೆ ಮೊದಲ ಸಲ ಆಯ್ತು. ಮಲಗಿ ಒಂದೂವರೆ ಗಂಟೆ ಆಗಿರ್ಬೇಕು, ಇವರು ದಡಕ್ಕನೆ ಎದ್ದು ಕೂತು ಚೀರಿದ್ರು. ಕಣ್ಣು ಬಿಟ್ಟೇ ಇದೆ, ಮೈಯೆಲ್ಲ ಬೆವರು, ಎದೆ ಹೊಡ್ಕೊಳ್ತಿದೆ, ಆದ್ರೆ ನನ್ನ ಗುರುತೇ ಇಲ್ಲ. ಐದಾರು ನಿಮಿಷ ಅಷ್ಟೇ, ಆಮೇಲೆ ಏನೂ ಆಗ್ದೇ ಇರೋ ಹಾಗೆ ಮಲಗಿಬಿಟ್ರು. ಬೆಳಗ್ಗೆ ಕೇಳಿದ್ರೆ "ನಾನಾ? ಕಿರುಚಿದ್ನಾ?" ಅಂತಾರೆ.

ನಾನು ಮಾಡಿದ ತಪ್ಪು ಅಂದ್ರೆ ಗಟ್ಟಿಯಾಗಿ ತಬ್ಕೊಳ್ತಿದ್ದೆ. ಕೆಟ್ಟ ಕನಸು ಬಿದ್ದ ಮಗುನ ತಬ್ಬಿದ್ರೆ ಸಮಾಧಾನ ಆಗತ್ತಲ್ಲ, ಇದೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಇದು ಆ ಥರ ಕನಸಲ್ಲ, ನೈಟ್ ಟೆರರ್, ಅಂದ್ರೆ ಪೂರ್ತಿ ಎಚ್ಚರ ಆಗ್ದೇ ನಿದ್ದೇಲೇ ಹೆದರಿ ಕಿರುಚೋದು. ಕೆಟ್ಟ ಕನಸು ಹೆಚ್ಚಾಗಿ ಬೆಳಗಿನ ಜಾವದ ಕಡೆ ಬೀಳತ್ತೆ, ಎದ್ದೋರಿಗೆ ಪೂರ್ತಿ ಎಚ್ಚರ ಇರತ್ತೆ, ಕಂಡದ್ದು ನೆನಪೂ ಇರತ್ತೆ. ನೈಟ್ ಟೆರರ್ ಬರೋದು ಮಲಗಿದ ಮೊದಲ ಮೂರು ಗಂಟೆ ಒಳಗೆ, ತುಂಬಾ ಗಾಢ ನಿದ್ದೇಲಿ, ಮೆದುಳು ಅರ್ಧ ಎದ್ದು ಅರ್ಧ ಮಲಗೇ ಇರತ್ತೆ. ಆಗ ತಬ್ಬಿದ್ರೆ ಅವರಿಗೆ ಹೆಂಡತಿ ಅಂತ ಗೊತ್ತಾಗಲ್ಲ, ಯಾರೋ ಹಿಡ್ಕೊಂಡಿದಾರೆ ಅಂತಷ್ಟೇ, ಅದಕ್ಕೇ ಬಿಡಿಸ್ಕೊಳ್ಳೋಕೆ ಒದ್ದಾಡ್ತಾರೆ. ಇವರು ಒದ್ದಾಡಿದಷ್ಟೂ ನಾನು ಇನ್ನೂ ಬಿಗಿಯಾಗಿ ಹಿಡೀತಿದ್ದೆ! ಒಂದಿನ ಎರಡೂ ಕೈ ಹಿಡಿದು ಅಲುಗಾಡ್ಸಿದೆ, ಇವರು ತಳ್ಳಿದ ರಭಸಕ್ಕೆ ನಾನು ಮಂಚದಿಂದ ಬಿದ್ದು ನನ್ನ ಮಣಿಕಟ್ಟು ಮುರೀತು.

ಕೈ ಕೂಡ್ಕೊಂಡ್ತು. ಆದ್ರೆ ತನ್ನಿಂದ ಹೀಗಾಯ್ತು ಅಂತ ತಿಳಿದ್ಮೇಲೆ ಇವರು ನಿದ್ದೆ ಮಾಡೋಕೇ ಹೆದರೋ ಹಾಗಾಯ್ತು, ಹಾಲ್‌ನಲ್ಲಿ ಎರಡು ಮೂರು ಗಂಟೆವರೆಗೂ ಕೂತಿರೋರು. ನಿದ್ದೆಗೆಟ್ರೆ ಆಮೇಲೆ ಬರೋ ನಿದ್ದೆ ಇನ್ನೂ ಗಾಢ, ಟೆರರ್‌ಗೂ ಅದೇ ದಾರಿ. ತಿಂಗಳಿಗೊಂದು ಬರ್ತಿದ್ದದ್ದು ವಾರಕ್ಕೆ ಮೂರಾಯ್ತು. ಅದ್ರ ಮೇಲೆ ನಾನು ದಿನಾ ಬೆಳಗ್ಗೆ "ಏನ್ ಕಂಡಿದ್ದು, ಏನಿದೆ ಮನಸ್ಸಲ್ಲಿ" ಅಂತ ಕೇಳೋದು. ಒಂದಿನ ಇವರು "ನಂಗೇ ಗೊತ್ತಿಲ್ದೇ ಏನೋ ಮಾಡಿಬಿಟ್ಟಿದೀನಾ" ಅಂತ ನನ್ನನ್ನೇ ಕೇಳಿದ್ರು. ನಿಮ್ಮವರು ಏನನ್ನೂ ಮುಚ್ಚಿಡ್ತಿಲ್ಲ ಅಂತ ನಂಗನ್ಸತ್ತೆ. ನೆನಪಿಲ್ಲ ಅಂದ್ರೆ ನೆನಪಿಲ್ಲ ಅಷ್ಟೇ, ನಂಬಿ.

ಕೊನೆಗೆ ಒಬ್ರು ನಿದ್ರೆ ಡಾಕ್ಟರ್ ಮೊದಲು ಕೇಳಿದ್ದೇ ಗೊರಕೆ ಬಗ್ಗೆ. ಒಂದು ರಾತ್ರಿ ಮಲಗ್ಸಿ ಟೆಸ್ಟ್ ಮಾಡಿದ್ರು, ಸ್ಲೀಪ್ ಆಪ್ನಿಯಾ ಅಂತೆ, ಉಸಿರು ಕಟ್ಟಿ ಕಟ್ಟಿ ಗಾಢ ನಿದ್ದೆ ಮಧ್ಯದಲ್ಲೇ ಅರ್ಧಂಬರ್ಧ ಎಬ್ಬಿಸ್ತಿತ್ತು. ಉಸಿರು ಕಟ್ಟದ ಹಾಗೆ ಗಾಳಿ ಕೊಡೋ ಮಾಸ್ಕ್ ಮಷೀನ್ ಹಾಕ್ಕೊಂಡು ಮಲಗೋಕೆ ಶುರು ಮಾಡಿದ್ಮೇಲೆ ತುಂಬಾ ಕಮ್ಮಿ ಆಗಿದೆ. ಎಲ್ರಿಗೂ ಇದೇ ಕಾರಣ ಅಲ್ಲ, ಜ್ವರ, ಕುಡಿತ, ಟೆನ್ಷನ್, ಕೆಲವು ನಿದ್ದೆ ಮಾತ್ರೆಗಳಿಂದಲೂ ಬರತ್ತೆ, ಹಾಗಂತ ಮಾತ್ರೆ ನೀವೇ ನಿಲ್ಲಿಸ್ಬೇಡಿ.

ಈಗ್ಲೂ ಯಾವಾಗ್ಲಾದ್ರೂ ಬಂದ್ರೆ ಮುಟ್ಟಲ್ಲ. ಸ್ವಲ್ಪ ದೂರ ಕೂತು ಮೆಲ್ಲಗೆ "ಮನೇಲೇ ಇದೀರಿ, ಮಲಗಿ" ಅಂತಿರ್ತೀನಿ, ಎದ್ದು ಓಡೋಕೆ ಹೋದ್ರೆ ಬಾಗಿಲಿಗೂ ಕಿಟಕಿಗೂ ಅಡ್ಡ ನಿಲ್ತೀನಿ. ಮಂಚದ ಪಕ್ಕ ಗಾಜಿನ ಸಾಮಾನು ಒಂದೂ ಇಟ್ಟಿಲ್ಲ. ಬೇರೆ ರೂಮಲ್ಲಿ ಮಲಗಿ ಅಂತ ತುಂಬಾ ಜನ ಹೇಳ್ತಾರೆ, ನಾನಂತೂ ಒಪ್ಪಲ್ಲ, ಬಿದ್ರೆ ನೋಡೋರು ಯಾರು?

ನೀವು ಎಷ್ಟೊತ್ತಿಗೆ ಬರತ್ತೆ ಅಂತ ಬರೆದಿಲ್ಲ, ಅದು ಮುಖ್ಯ. ಬೆಳಗಿನ ಜಾವ ಕೈಕಾಲು ಬಡಿದು ಕನಸನ್ನೂ ಹೇಳ್ತಾರೆ ಅಂದ್ರೆ, ಅಥವಾ ಒಂದೇ ರಾತ್ರಿ ಎಷ್ಟೋ ಸಲ ಒಂದೇ ಥರ ಆಗತ್ತೆ ಅಂದ್ರೆ ಇದು ಬೇರೇನೇ ಇರ್ಬಹುದು, ತಡ ಮಾಡ್ದೆ ತೋರಿಸಿ. ಟೈಮ್ ಬರೆದಿಟ್ಕೊಳ್ಳಿ, ಅವರನ್ನ ಕೇಳಿ ಒಂದು ವಿಡಿಯೋ ಮಾಡಿಟ್ಕೊಳ್ಳಿ. ಗೊರಕೆ ಹೊಡೀತಾರಾ?