ಪ್ರತಿಕ್ರಿಯೆ: ಅಜ್ಜಿಗೆ ಆ ಬಾಗಿಲು ಮುಚ್ಚಿಲ್ಲ

ತೀರ್ಥಹಳ್ಳಿಯ ನಿಮ್ಮ ಅಜ್ಜಿ ಯೇಸುವಿನ ಹೆಸರನ್ನೂ ಕೇಳದೆ ತೀರಿಕೊಂಡರು, ಪ್ರೀತಿಯ ದೇವರು ಅವರಿಗೆ ಜೀವೋದ್ಧಾರವನ್ನು ನಿರಾಕರಿಸುತ್ತಾನೆಯೇ ಎಂದು ಕೇಳಿದ್ದೀರಿ. ಶಿವಮೊಗ್ಗದ ಕಥೋಲಿಕನಾಗಿ ಹೇಳುತ್ತೇನೆ: ಇಲ್ಲ. ಇದು ಬರಿಯ ಸಮಾಧಾನದ ಮಾತಲ್ಲ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಅರಸಿ, ಆತನ ಕೃಪೆಯಿಂದ ಆತ್ಮಸಾಕ್ಷಿಯಂತೆ ಬಾಳಿದರೆ ಉದ್ಧಾರ ಹೊಂದಬಲ್ಲರು ಎಂದು ಜಗತ್ತಿನ ಕಥೋಲಿಕ ಬಿಷಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಬರೆದಿದೆ. ಎಲ್ಲ ಕ್ರೈಸ್ತ ಪಂಗಡಗಳೂ ಇದನ್ನು ಒಪ್ಪುವುದಿಲ್ಲ, ನಿಜ.

ಹಾಗಾದರೆ ನರಕ? ಮನುಷ್ಯ ತಾನಾಗಿಯೇ ದೇವರಿಂದ ದೂರ ಉಳಿಯುವುದೇ ನರಕ ಎನ್ನುತ್ತದೆ ನಮ್ಮ ಧರ್ಮೋಪದೇಶ. ನನ್ನ ಚಿಕ್ಕಪ್ಪ ಮುನಿಸಿಕೊಂಡು ಮನೆ ಬಿಟ್ಟಾಗ ನಮ್ಮಜ್ಜಿ ಆಷಾಢದ ಮಳೆಯಲ್ಲೂ ಜಗಲಿಯ ಲಾಟೀನು ಆರಲು ಬಿಡಲಿಲ್ಲ. ಗಾಜಿಗೆ ಹಿಡಿದ ಮಸಿಯನ್ನು ದಿನವೂ ಸಂಜೆ ಸೆರಗಿನಿಂದ ಒರೆಸುತ್ತಿದ್ದರು. ಬಾಗಿಲಿಗೆ ಅಗುಳಿ ಹಾಕಲಿಲ್ಲ. ಮಗನನ್ನು ಎಳೆದು ತರಿಸಲೂ ಇಲ್ಲ.

ಬೈಬಲಿನಲ್ಲಿ ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆ ಓದಿ: ಪಾಲು ಪಡೆದು ಮನೆ ಬಿಟ್ಟ ಕಿರಿಯ ಮಗ ಎಲ್ಲ ಕಳೆದುಕೊಂಡು ಮರಳುತ್ತಾನೆ. ತಂದೆ ಅವನನ್ನು ದೂರದಲ್ಲೇ ಕಂಡು ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ತಮ್ಮನಿಗೆ ಸಿಕ್ಕ ಆದರ ಕಂಡು ಸಿಟ್ಟಿನಿಂದ ಹೊರಗೇ ನಿಂತ ಹಿರಿಯ ಮಗನನ್ನು ಕರೆಯಲೂ ತಾನೇ ಎದ್ದು ಬರುತ್ತಾನೆ. ಆ ಹಿರಿಯ ಒಳಗೆ ಹೋದನೇ ಎಂಬುದನ್ನು ಲೂಕ ಬರೆದಿಲ್ಲ.