ವಾಯುವ್ಯ ಗಡಿ ಪ್ರಾಂತ್ಯ ಖೈಬರ್ ಪಖ್ತುಂಖ್ವಾ ಆಗಿದ್ದು ಹೇಗೆ?

ಶಾಲೆಯಲ್ಲಿ 'ಗಡಿನಾಡ ಗಾಂಧಿ' ಖಾನ್ ಅಬ್ದುಲ್ ಗಫಾರ್ ಖಾನರ ಬಗ್ಗೆ ಓದಿದ್ದೆವು, ಅಲ್ವಾ? ಪಾಕಿಸ್ತಾನದ ಇಂದಿನ ಖೈಬರ್ ಪಖ್ತುಂಖ್ವಾ ಪ್ರಾಂತ್ಯವೇ ಆ ಗಡಿನಾಡು. ಪೇಶಾವರ ಇದರ ರಾಜಧಾನಿ.

1901ರಲ್ಲಿ ವೈಸರಾಯ್ ಕರ್ಜನ್ ಪಂಜಾಬಿನಿಂದ ಕೆಲವು ಜಿಲ್ಲೆಗಳನ್ನು ಬೇರೆ ಮಾಡಿ ಈ ಪ್ರಾಂತ್ಯ ಕಟ್ಟಿದ. ಅಫ್ಘಾನ್ ಗಡಿಯ ಮೇಲೆ ನೇರ ಹಿಡಿತ ಬೇಕಿತ್ತು. ಆಗೊಂದು ತೊಡಕು ಎದುರಾಯಿತು. ಆಗ್ರಾ, ಅಲಹಾಬಾದ್ ಕಡೆಯ ಸೀಮೆಗೆ ಮೊದಲೇ 'ವಾಯುವ್ಯ ಪ್ರಾಂತ್ಯಗಳು' ಎಂಬ ಹೆಸರಿತ್ತು. ಬ್ರಿಟಿಷರ ಆಡಳಿತ ಇನ್ನೂ ಪಂಜಾಬು ಮುಟ್ಟದ ಕಾಲದಲ್ಲಿ ಅದೇ ಅವರ ವಾಯುವ್ಯ ತುದಿ! ಗೊಂದಲ ಬೇಡವೆಂದು 1902ರಲ್ಲಿ ಅದನ್ನು 'ಆಗ್ರಾ ಮತ್ತು ಅವಧ್ ಸಂಯುಕ್ತ ಪ್ರಾಂತ್ಯ' ಎಂದು ಕರೆದರು. ಇವತ್ತಿನ ಉತ್ತರ ಪ್ರದೇಶದ ಬಹುಭಾಗ ಅದೇ. ಗಡಿಯಲ್ಲಿ ಹುಟ್ಟಿದ ಪ್ರಾಂತ್ಯ ಗಂಗೆಯ ಬಯಲಿನ ಹೆಸರನ್ನೇ ಬದಲಿಸಿತು ಅನ್ನೋದು ನನಗೆ ಈ ಕಥೆಯ ಅತಿ ಸೊಗಸಾದ ಭಾಗ.

1947ರಲ್ಲಿ ಜನಮತಗಣನೆಯ ನಂತರ ಇದು ಪಾಕಿಸ್ತಾನಕ್ಕೆ ಸೇರಿತು. 1955ರಲ್ಲಿ 'ಪಶ್ಚಿಮ ಪಾಕಿಸ್ತಾನ' ಎಂಬ ಒಂದೇ ಪ್ರಾಂತ್ಯದಲ್ಲಿ ಕರಗಿ, 1970ರಲ್ಲಿ ಮತ್ತೆ ಬೇರೆಯಾಯಿತು.

ಹೆಸರು ಮಾತ್ರ ಬರೀ ದಿಕ್ಕು ತೋರಿಸುತ್ತಿತ್ತು. ಪಂಜಾಬಿಗಳಿಗೆ ಪಂಜಾಬ್, ಸಿಂಧಿಗಳಿಗೆ ಸಿಂಧ್ ಇರುವಾಗ ನಮಗೇಕಿಲ್ಲ ಎಂದು ಪಶ್ತೂ ಮಾತಾಡುವ ಇಲ್ಲಿನ ಪಶ್ತೂನರು ಕೇಳಿದರು; 'ಪಖ್ತುಂಖ್ವಾ', ಅಂದರೆ ಪಶ್ತೂನರ ನಾಡು, ಎಂಬ ಹೆಸರು ಬೇಕೆಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಹಜಾರಾ ಭಾಗದಲ್ಲಿ ಹಿಂದ್ಕೋ ಎಂಬ ಬೇರೆ ಭಾಷೆ ಮಾತಾಡುವವರೇ ಜಾಸ್ತಿ. ಅವರಿಗೆ 'ಪಖ್ತುಂಖ್ವಾ' ತಮ್ಮದೆನಿಸಲಿಲ್ಲ. ರಾಜಕೀಯ ರಾಜಿಯಾಗಿ ಮುಂದೆ ಇಲ್ಲಿನ ಪ್ರಸಿದ್ಧ ಕಣಿವೆಯ ಹೆಸರಾದ 'ಖೈಬರ್' ಸೇರಿಸಿ, 2010ರಲ್ಲಿ ಸಂವಿಧಾನದ 18ನೇ ತಿದ್ದುಪಡಿಯಿಂದ ಹೆಸರು ಬದಲಾಯಿತು. ಆಗ ಹಜಾರಾದ ಅಬೋಟಾಬಾದಿನ ಪ್ರತಿಭಟನೆಯಲ್ಲಿ ಜೀವಗಳೂ ಹೋದವು.

2018ರಲ್ಲಿ ಪಕ್ಕದ ಬುಡಕಟ್ಟು ಪ್ರದೇಶಗಳೂ ಇದರೊಳಗೆ ಸೇರಿದವು.