ಮೂರು ಸಾಲಿನ ಮೆಸೇಜಿಗೆ 40 ನಿಮಿಷ

ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬಂದ ಒಬ್ಬ ಯುವತಿಯ ವಿಷಯ ಇದು. ಗುರುತು ಸಿಗಬಾರದೆಂದು ವಯಸ್ಸು, ಲೆಕ್ಕದ ಅಂಕಿ, ಒಂದೆರಡು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬರೆಯಲು ಕೂತಾಗ 'ಅವಳು' ಅನ್ನಲೋ 'ಅವರು' ಅನ್ನಲೋ ಎಂದು ನಾನೂ ಒಂದು ಗಳಿಗೆ ತಡೆದೆ. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರು, ಅಷ್ಟೇ. ಆದರೆ ಎದುರಿಗೆ ಕೂತಾಗ 'ನೀವು' ಅನ್ನುತ್ತಿದ್ದೆ. ಇಲ್ಲೂ 'ಅವರು' ಎಂದೇ ಇರಲಿ.

ಮಲೆನಾಡಿನ ಒಂದು ಪತ್ತಿನ ಸಹಕಾರ ಸಂಘದ ಸಾಲ ವಿಭಾಗದಲ್ಲಿ ಅವರಿಗೆ ಕೆಲಸ. ವಯಸ್ಸು 27, ಓದಿದ್ದು ಬಿ.ಕಾಂ. ಸಂಘದ ಸದಸ್ಯರಲ್ಲಿ ಜಾಸ್ತಿ ಜನ ಅಡಿಕೆ ಬೆಳೆಗಾರರು. ಎರಡು ತಿಂಗಳಿಂದ ಅವರಿಗೆ ಸರಿಯಾಗಿ ನಿದ್ದೆ ಇಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದರು. ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದರಂತೆ. ಆ ಕಡೆಯವರು ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿ, ಹತ್ತಿರದ ಆಪ್ತಸಲಹೆಗಾರರನ್ನು ನೋಡಿ ಎಂದಿದ್ದರು. ಹಾಗೆ ನನ್ನಲ್ಲಿಗೆ ಬಂದರು.

ಏನು ತೊಂದರೆ ಎಂದು ಕೇಳಿದೆ. "ಮೆಸೇಜ್ ಬರೆಯೋಕೆ ಆಗ್ತಿಲ್ಲ ಮೇಡಂ" ಎಂದರು.

ಫೋನ್ ತೆಗೆದು ತೋರಿಸಿದರು. ಒಬ್ಬ ಸದಸ್ಯರಿಗೆ ಕಂತು ನೆನಪಿಸುವ ಮೂರು ಸಾಲು. ಅದನ್ನೇ ಹನ್ನೊಂದು ಸಲ ಬರೆದು ನೋಟ್ಸ್‌ನಲ್ಲಿ ಇಟ್ಟುಕೊಂಡಿದ್ದರು. ಒಂದರಲ್ಲಿ 'ತಾವು', ಇನ್ನೊಂದರಲ್ಲಿ 'ನೀವು', ಮತ್ತೊಂದರಲ್ಲಿ ಎರಡೂ ಇಲ್ಲದ ಹಾಗೆ ತಿರುಚಿದ ವಾಕ್ಯ. 'ಪಾವತಿಸಿ' ಅಳಿಸಿ 'ಪಾವತಿಸಬೇಕಾಗಿ ವಿನಂತಿ', ಅದನ್ನೂ ಅಳಿಸಿ 'ಕಟ್ಟಿಬಿಡಿ'. ಒಂದು ಮೆಸೇಜಿಗೆ 40 ನಿಮಿಷ ಹೋಗುತ್ತದೆ, ಆಮೇಲೂ ಕಳಿಸುವುದಿಲ್ಲ, ರಾತ್ರಿ ಒಂಬತ್ತೂವರೆಗೆ ಧೈರ್ಯ ಬಂದಾಗ ಕಳಿಸುತ್ತೇನೆ ಎಂದರು.

ಹೀಗಾಗಲು ಒಂದೇ ತಿಂಗಳಲ್ಲಿ ನಡೆದ ಎರಡು ಘಟನೆ ಕಾರಣ.

ಮೊದಲನೆಯದು. ಕಂತು ತಡವಾದವರಿಗೆ ಪತ್ರ ಹಾಕಿ ಎಂದು ಕಾರ್ಯದರ್ಶಿ ಹೇಳಿದರು. ಆಫೀಸಿನ ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆ ಫೈಲ್ ಇತ್ತು. ಇವರು ಹೆಸರು, ಮೊತ್ತ ಬದಲಿಸಿ ಕಳಿಸಿದರು. 'ವಿಷಯ: ಸುಸ್ತಿ ಸಾಲ ಮರುಪಾವತಿಸುವ ಬಗ್ಗೆ. ಸುಸ್ತಿದಾರರಾದ ತಾವು ಈ ಪತ್ರ ತಲುಪಿದ ಏಳು ದಿನಗಳೊಳಗಾಗಿ ಬಾಕಿಯನ್ನು ಪಾವತಿಸತಕ್ಕದ್ದು. ತಪ್ಪಿದಲ್ಲಿ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದೆಂದು ಈ ಮೂಲಕ ತಿಳಿಯಪಡಿಸಲಾಗಿದೆ.' ಸುಸ್ತಿದಾರ ಅಂದರೆ ಗಡುವಿನೊಳಗೆ ಸಾಲ ಕಟ್ಟದವರು. ಪತ್ರ ಹೋಗಿದ್ದು 30 ವರ್ಷದಿಂದ ಸದಸ್ಯರಾಗಿದ್ದ ಹಿರಿಯರೊಬ್ಬರಿಗೆ. ಅವರ ಕಂತು 12 ದಿನ ತಡವಾಗಿತ್ತು, ಅದೂ ಮೊದಲ ಸಲ. ಮಾರನೇ ದಿನ ಆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಲ್ಲಿಟ್ಟುಕೊಂಡು ಬಂದರು. ದುಡ್ಡು ಕಟ್ಟಿದರು, ರಸೀದಿ ತೆಗೆದುಕೊಂಡರು. "ಮುಂದಿನ ಸರ್ವಸದಸ್ಯರ ಸಭೆಗೆ ಬರ್ಬೋದೋ, ಅಥವಾ ಅದಕ್ಕೂ ಸುಸ್ತಿದಾರನಾ ತಾಯಿ?" ಎಂದು ಕೇಳಿ ಹೊರಟರು. ಪತ್ರವನ್ನು ಕೌಂಟರ್ ಮೇಲೆ ಬಿಟ್ಟುಹೋಗಿದ್ದರು.

ಎರಡನೆಯದು ಅದರ ಉಲ್ಟಾ. ಇನ್ನು ಪ್ರೀತಿಯಿಂದಲೇ ಬರೆಯಬೇಕು ಎಂದು ಇವರು ನಿರ್ಧಾರ ಮಾಡಿದರು. ಸಂಘದ ಮಾಜಿ ನಿರ್ದೇಶಕರೊಬ್ಬರಿಗೆ ವಾಟ್ಸ್ಆ್ಯಪ್ ಮಾಡಿದರು. 'ನಮಸ್ತೆ ಸರ್, ಊಟ ಆಯ್ತಾ? ಈ ತಿಂಗಳದ್ದು ಮರ್ತೋಯ್ತಾ ಸರ್?' ಜೊತೆಗೆ ಕೈಮುಗಿದ ಇಮೋಜಿ, ನಗುವ ಇಮೋಜಿ. ಅವರು ಅದರ ಸ್ಕ್ರೀನ್‌ಶಾಟ್ ತೆಗೆದು ಕಾರ್ಯದರ್ಶಿಗೆ ಕಳಿಸಿದರು. ನಾನೇನು ಇವಳ ಕ್ಲಾಸ್‌ಮೇಟಾ ಎಂದರಂತೆ. ಕಾರ್ಯದರ್ಶಿ ಎಲ್ಲರೆದುರೇ ಬೈದರು.

"ಹಾಗೆ ಬರೆದರೂ ತಪ್ಪು, ಹೀಗೆ ಬರೆದರೂ ತಪ್ಪು. ಸರಿ ಯಾವುದು ಹೇಳಿ ಮೇಡಂ, ಅದನ್ನೇ ಕಾಪಿ ಮಾಡ್ತೀನಿ" ಎಂದರು.

ನಮ್ಮ ವೃತ್ತಿಯ ಚಟದಂತೆ ನಾನು ಮೊದಲು ಬಾಲ್ಯಕ್ಕೆ ಕೈಹಾಕಿದೆ. ಬೈಯುವ ಅಪ್ಪ, ಹೊಡೆಯುವ ಮೇಷ್ಟ್ರು ಯಾರಾದರೂ ಸಿಗುತ್ತಾರೇನೋ ಎಂದು. ಯಾರೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಹತ್ತನೇ ಕ್ಲಾಸಲ್ಲಿ ಪತ್ರಲೇಖನಕ್ಕೆ ಪೂರ್ತಿ ಅಂಕ ತೆಗೆದುಕೊಂಡ ಹುಡುಗಿ ಇವರು! ಶಾಲೆಯಲ್ಲಿ ನಮಗೆಲ್ಲ ಎರಡೇ ಡಬ್ಬಿ ಕೊಟ್ಟಿದ್ದರು, ಅಲ್ವಾ? ಖಾಸಗಿ ಪತ್ರ, ವ್ಯಾವಹಾರಿಕ ಪತ್ರ. ಒಂದಕ್ಕೆ 'ತೀರ್ಥರೂಪು ತಂದೆಯವರಿಗೆ' ಮತ್ತು 'ಇತ್ತ ಕ್ಷೇಮ'. ಇನ್ನೊಂದಕ್ಕೆ 'ಇವರಿಂದ, ಇವರಿಗೆ, ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ'. 30 ವರ್ಷದ ಪರಿಚಯದ ಸದಸ್ಯರಿಗೆ ಫೋನಿನಲ್ಲಿ ಹಣ ಕೇಳುವುದು ಹೇಗೆ? ಅದು ಎರಡು ಡಬ್ಬಿಯಲ್ಲೂ ಇಲ್ಲ. ಇವರು ಒಂದು ಡಬ್ಬಿ ಬಿಟ್ಟು ಇನ್ನೊಂದಕ್ಕೆ ಹಾರಿದರು, ಎರಡರಲ್ಲೂ ಏಟು ತಿಂದರು.

ಎರಡನೇ ಭೇಟಿಯಲ್ಲಿ ಹಳೆ ಪತ್ರ ಮತ್ತು ವಾಟ್ಸ್ಆ್ಯಪ್ ಮೆಸೇಜನ್ನು ಪಕ್ಕಪಕ್ಕ ಇಟ್ಟು ಎರಡು ಪ್ರಶ್ನೆ ಕೇಳಿದೆ. ಇದರಲ್ಲಿ ಮಾತಾಡುತ್ತಿರುವವರು ಯಾರು? ಏನು ಕೇಳುತ್ತಿದ್ದಾರೆ? ಪತ್ರದಲ್ಲಿ 'ಜರುಗಿಸಲಾಗುವುದು', 'ತಿಳಿಯಪಡಿಸಲಾಗಿದೆ'. ಮಾಡುವವರು ಯಾರೂ ಇಲ್ಲ. ಗೋಡೆ ಮಾತಾಡಿದ ಹಾಗೆ. ಮೆಸೇಜಿನಲ್ಲಿ ಮಾತಾಡುವವರು ಇದ್ದಾರೆ, ಆದರೆ ಕೇಳುವುದೇ ಇಲ್ಲ. ಎಷ್ಟು ದುಡ್ಡು, ಯಾವತ್ತಿನೊಳಗೆ, ಯಾವುದೂ ಇಲ್ಲ. ಊಟ, ನಗು, ನಮಸ್ಕಾರದ ಹಿಂದೆ ಕಂತು ಅಡಗಿ ಕೂತಿದೆ. ಅವರು ತುಂಬ ಹೊತ್ತು ನೋಡಿದರು. "ಎರಡರಲ್ಲೂ ನಾನು ಬಚ್ಚಿಟ್ಟುಕೊಂಡಿದ್ದೀನಿ" ಎಂದರು. ಅದನ್ನು ನಾನು ಹೇಳಿಕೊಡಲಿಲ್ಲ.

ಗ್ರಾಂಥಿಕ ಭಾಷೆ ಅಂದರೆ ಬಿಗುಮಾನ, ಆಡುಮಾತು ಅಂದರೆ ಸಲಿಗೆ ಎಂಬ ಲೆಕ್ಕ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅದಕ್ಕೆ ಮದುವೆ ಕಾಗದ ನೆನಪಿಸಿದೆ. 'ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ'. ಇದಕ್ಕಿಂತ ಬಿಗಿಯಾದ ಕನ್ನಡ ಇದೆಯೇ? ಆದರೂ ಇದನ್ನು ಓದಿ ಯಾರಾದರೂ ನೊಂದುಕೊಂಡದ್ದುಂಟಾ? ಅದೇ ಬಸ್ ಕಂಡಕ್ಟರ್ "ಒಳಗಡೆ ನಡೀರಿ, ನಡೀರಿ" ಅಂದರೆ ನಾವು ಸುಮ್ನೆ ಒಳಗೆ ಹೋಗುತ್ತೇವೆ. ಆ ಹಿರಿಯರಿಗೆ ಚುಚ್ಚಿದ್ದು 'ತಾವು' ಅಲ್ಲ, 'ತಕ್ಕದ್ದು' ಕೂಡ ಅಷ್ಟಾಗಿ ಅಲ್ಲ. ಚುಚ್ಚಿದ್ದು 'ಸುಸ್ತಿದಾರ' ಎಂಬ ಒಂದು ಪದ, ಮತ್ತು ಮೊದಲ ಪತ್ರದಲ್ಲೇ ಬಂದ ಕಾನೂನು ಕ್ರಮ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ನಮ್ಮ ನಾಡಿನ ಮೊದಲ ಪತ್ತಿನ ಸಹಕಾರ ಸಂಘ ಹುಟ್ಟಿದಾಗಿನಿಂದ ಈ ವ್ಯವಸ್ಥೆಯಲ್ಲಿ ಸಾಲ ತೆಗೆದುಕೊಳ್ಳುವವರೇ ಸಂಘದ ಮಾಲೀಕರು. 30 ವರ್ಷ 'ಸದಸ್ಯರೇ' ಎಂದು ಕರೆಸಿಕೊಂಡವರನ್ನು 12 ದಿನಕ್ಕೆ 'ಸುಸ್ತಿದಾರರಾದ ತಾವು' ಎಂದರೆ ಆ 'ತಾವು' ಯಾವ ಮರ್ಯಾದೆ ಉಳಿಸೀತು?

ಆಮೇಲೆ ಒಂದು ಆಟ ಆಡಿದೆವು. ನಾನು ಆ ಹಿರಿಯರು, ಅವರು ಕೌಂಟರಿನಲ್ಲಿ. ಬರೆಯಬೇಡಿ, ಬಾಯಲ್ಲಿ ಹೇಳಿ ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ. "ಬನ್ನಿ, ಕೂತ್ಕೊಳ್ಳಿ. ಈ ಸಲದ ಕಂತು ಬಂದಿಲ್ಲ, 6,400 ಇದೆ. 20ರೊಳಗೆ ಕಟ್ಟಿದ್ರೆ ದಂಡಬಡ್ಡಿ ಬೀಳಲ್ಲ. ಅಡಿಕೆ ಕೊಯ್ಲು ಆಗ್ಬೇಕಾ? ಹಾಗಿದ್ರೆ ಈಗೆಷ್ಟು ಆಗುತ್ತೆ ಹೇಳಿ, ನೋಡೋಣ." ಎಷ್ಟು ಚೆಂದದ ಮಾತು! ಮರ್ಯಾದೆ ಇದೆ, ಲೆಕ್ಕ ಇದೆ, ಗಡುವು ಇದೆ, ಎಲೆಚುಕ್ಕಿ ರೋಗ ಬಂದು ತೋಟ ಸೊರಗಿದವರ ಕಷ್ಟವೂ ಗೊತ್ತಿದೆ. ನಾನು ಅದನ್ನು ಹಾಗೇ ಬರೆದುಕೊಂಡು ಅವರ ಕೈಗೆ ಕೊಟ್ಟೆ. ಕ್ರಿಯಾಪದದ ಬಾಲ ಮಾತ್ರ ಸರಿಮಾಡಿ ಎಂದೆ. ಐದು ನಿಮಿಷದಲ್ಲಿ ಇದು ಬಂತು:

'ನಮಸ್ಕಾರ. ನಿಮ್ಮ ಸಾಲದ ಈ ಸಲದ ಕಂತು 6,400 ರೂಪಾಯಿ ಇನ್ನೂ ಬಂದಿಲ್ಲ. 20ನೇ ತಾರೀಖಿನೊಳಗೆ ಕಟ್ಟಿದರೆ ದಂಡಬಡ್ಡಿ ಬೀಳುವುದಿಲ್ಲ. ಅಷ್ಟರೊಳಗೆ ಕಷ್ಟವಾದರೆ ನನಗೆ ಫೋನ್ ಮಾಡಿ, ಮಾತಾಡೋಣ.'

ಕೆಳಗೆ 'ಕಾರ್ಯದರ್ಶಿಗಳ ಪರವಾಗಿ' ಎಂದು ಹಾಕಿದ್ದರು. ನಿಮ್ಮ ಹೆಸರು ಹಾಕಿ ಎಂದೆ. ಅದಕ್ಕೆ ಮಾತ್ರ ಮುಂದಿನ ವಾರದ ತನಕ ಸಮಯ ಬೇಕಾಯಿತು. ಕೆಟ್ಟ ನಿದ್ದೆ, ಹೊಟ್ಟೆನೋವು ಎಲ್ಲದರ ಬೇರು ಅಲ್ಲೇ ಇತ್ತು ಅಂತ ನನಗನ್ನಿಸುತ್ತದೆ. ಹೆಸರು ಹಾಕಿದರೆ ಬೈಗುಳವೂ ಹೆಸರಿಗೇ ಬರುತ್ತದೆ.

ಇನ್ನು ಮಾಜಿ ನಿರ್ದೇಶಕರ ವಿಷಯ. ಆ ಮೆಸೇಜು ಸರಿಯಿರಲಿಲ್ಲ, ಒಪ್ಪುತ್ತೇನೆ. ಪರಿಚಯವೇ ಇಲ್ಲದವರಿಗೆ 'ಊಟ ಆಯ್ತಾ' ಬೇಡ. 'ಮರ್ತೋಯ್ತಾ' ಅಂದರೆ ನಗುತ್ತಾ ಆರೋಪ ಮಾಡಿದ ಹಾಗೆ. ಆದರೆ ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಂತು. ಅದೇ ಆಫೀಸಿನ ಗಂಡು ಸಹೋದ್ಯೋಗಿ ಅದೇ ಮನುಷ್ಯರಿಗೆ 'ಏನ್ ಸಾರ್, ಕಂತು?' ಎಂದು ಎಷ್ಟೋ ಸಲ ಕಳಿಸಿದ್ದಾರೆ. ಅದರ ಸ್ಕ್ರೀನ್‌ಶಾಟ್ ಎಲ್ಲೂ ಹೋಗಿಲ್ಲ. ಕೆಲವರಿಗೆ ನೋವಾಗುವುದು ಮಾತಿನ ಧಾಟಿಗೆ, ಕೆಲವರಿಗೆ ಅದು ಯಾರ ಬಾಯಿಂದ ಬಂತು ಎನ್ನುವುದಕ್ಕೆ. ಎರಡನೆಯದನ್ನು ಎಷ್ಟು ಒಳ್ಳೆಯ ಕನ್ನಡ ಬರೆದರೂ ರಿಪೇರಿ ಮಾಡಲಾಗದು. ಇದನ್ನು ನೇರವಾಗಿಯೇ ಹೇಳಿದೆ. ಅಂಥವರಿಗೆ 'ತಾವು' ಹಾಕಿ, ಲೆಟರ್‌ಹೆಡ್ ಮೇಲೆ, ಕಾರ್ಯದರ್ಶಿಯ ಸಹಿಯೊಂದಿಗೆ ಕಳಿಸಿ. ಅದು ಸೋಲಲ್ಲ, ಕೊಡೆ ಹಿಡಿದು ಹೋದ ಹಾಗೆ.

ಮೂರು, ನಾಲ್ಕನೇ ಭೇಟಿಯಲ್ಲಿ ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು: ಬರೆಯುವ ಮೊದಲು ಇದು ಎಷ್ಟನೇ ಪತ್ರ ಎಂದು ನೋಡಿಕೊಳ್ಳಿ. ಮೊದಲ ನೆನಪಿಗೆ ಕೌಂಟರಿನ ಮಾತು ಸಾಕು. ಎರಡನೆಯದಕ್ಕೆ ತಾರೀಖು, ಮೊತ್ತ ಸ್ವಲ್ಪ ಗಟ್ಟಿಯಾಗಲಿ, ಗದರಿಕೆ ಬೇಡ. ಆದರೆ ಕೊನೆಯ ನೋಟಿಸನ್ನು ಮೃದು ಮಾಡಲು ಹೋಗಬೇಡಿ. ನಾಳೆ ಸಂಘ ಬಾಕಿ ವಸೂಲಿಗೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಅಡಿ ವಿವಾದ ಹೂಡಿದರೆ ಕಡತದಲ್ಲಿ ಓದುವುದು ಆ ಕಾಗದವನ್ನೇ. ಅಲ್ಲಿ ಸಾಲದ ಸಂಖ್ಯೆ, ಜಾಮೀನುದಾರರ ಹೆಸರು, 'ಪಾವತಿಸತಕ್ಕದ್ದು' ಎಲ್ಲ ಇರಬೇಕು. ಅಲ್ಲಿ 'ನೋಡೋಣ' ಅಂದರೆ ಸದಸ್ಯರಿಗೂ ಮೋಸ. ಇನ್ನೂ ಟೈಮಿದೆ ಅಂದುಕೊಳ್ಳುತ್ತಾರೆ.

ರಾತ್ರಿ ಒಂಬತ್ತೂವರೆ ಬೇಡವೇ ಬೇಡ ಎಂದೆ. ಸಾಲ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಿಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ಎಷ್ಟೇ ಸವಿಯಾಗಿ ಬರೆದರೂ ಮಲಗುವ ಹೊತ್ತಿಗೆ ಬಂದ ಸಾಲದ ಮೆಸೇಜ್ ಗದರಿಕೆಯಂತೆಯೇ ಕೇಳುತ್ತದೆ. ಒಂದು ಮೆಸೇಜಿಗೆ ಹತ್ತು ನಿಮಿಷ, ಅಲಾರಾಂ ಇಟ್ಟುಕೊಂಡು. ಅಲಾರಾಂ ಹೊಡೆದಾಗ ಇದ್ದದ್ದು ಇದ್ದ ಹಾಗೆ ಹೋಗಬೇಕು. ಮೊದಲ ದಿನ 'ನಿಮಗೆ' ಎರಡು ಸಲ ಬಂದ ವಾಕ್ಯ ಹೋಯಿತಂತೆ. ಯಾರೂ ಸ್ಕ್ರೀನ್‌ಶಾಟ್ ತೆಗೆಯಲಿಲ್ಲ.

ಕಾರ್ಯದರ್ಶಿಯ ಹತ್ತಿರ ಮಾತಾಡುವುದು ಬಾಕಿಯಿತ್ತು. ಇವರು 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ' ಎಂದು ಒಂದೂವರೆ ಪುಟದ ಪತ್ರ ಬರೆದು ತಂದಿದ್ದರು. ಓದಿದೆ, ಮಡಿಸಿ ವಾಪಸ್ ಕೊಟ್ಟೆ. ಇದು ಬರೆಯುವ ಮಾತಲ್ಲ, ಟೀ ಹೊತ್ತಿಗೆ ಒಬ್ಬರೇ ಇದ್ದಾಗ ಹೇಳುವ ಮಾತು ಎಂದೆ. "ಸರ್, ನನ್ನ ತಪ್ಪಿದ್ದರೆ ಒಳಗೆ ಕರೆದು ಹೇಳಿ." ಇಷ್ಟೇ. ಹೇಳಿದರಂತೆ. ಕಾರ್ಯದರ್ಶಿ "ಹೂಂ" ಎಂದರಂತೆ. ಆ ಹೂಂಗೆ ಏನರ್ಥ ಎಂದು ಅರ್ಧ ಗಂಟೆ ಚರ್ಚೆ ಮಾಡಲು ಬಂದಿದ್ದರು, ನಾನು ಹತ್ತು ನಿಮಿಷಕ್ಕೇ ನಿಲ್ಲಿಸಿದೆ. ಹಳೆ ನುಡಿ ಫೈಲ್ ಮಾತ್ರ ಇನ್ನೂ ಕಂಪ್ಯೂಟರಿನಲ್ಲಿದೆ. 'ಸುಸ್ತಿದಾರರಾದ' ಜಾಗದಲ್ಲಿ 'ಸದಸ್ಯರಾದ' ಎಂದು ಅವರು ತಿದ್ದಿದ್ದಾರೆ. ಯಾರೂ ಗಮನಿಸಿಲ್ಲ.

ಐದನೇ ಭೇಟಿಗೆ ಎರಡು ದಿನ ಮೊದಲು, ಬೆಳಿಗ್ಗೆ ಹತ್ತೂಕಾಲಿಗೆ, ನನಗೆ ಮೆಸೇಜ್ ಬಂತು. 'ಮೇಡಂ, ಗುರುವಾರ ಬರುತ್ತಿಲ್ಲ. ಅಡಿಕೆ ಕೊಯ್ಲು ಶುರುವಾಗಿದೆ, ದುಡ್ಡು ಕಟ್ಟುವವರು ಜಾಸ್ತಿ. ನಿದ್ದೆ ಬರುತ್ತಿದೆ. ಬೇಕಾದರೆ ಫೋನ್ ಮಾಡುತ್ತೇನೆ.' ಕೆಳಗೆ ಹೆಸರು. ನಾನು 'ಸರಿ' ಎಂದು ಬರೆದೆ. ತೀರಾ ಒಣಗಿದ ಹಾಗಾಯಿತೇನೋ ಅನ್ನಿಸಿ ಅಳಿಸಿ, 'ಸರಿಯಮ್ಮ' ಎಂದು ಬರೆದೆ. ಅದನ್ನೂ ಅಳಿಸಿದೆ.